ನೋವು ಮುಚ್ಚಿಟ್ಟ ಸೇತುವೆ

ಪೇಟೆಯ ರಾಜಕಾಲುವೆಯ ಮೇಲೊಂದು ಹಳೆಯ ಸೇತುವೆಯಿತ್ತು. ಅದರ ಅಡಿಭಾಗ ಬಿರುಕು ಬಿಟ್ಟಿರುವುದು ಅಲ್ಲೇ ಗೂಡು ಕಟ್ಟಿದ್ದ ಪಾರಿವಾಳಕ್ಕೆ ಮಾತ್ರ ಗೊತ್ತಿತ್ತು.

“ತಾತ, ನಾಳೆ ಎಂಜಿನಿಯರಮ್ಮ ಬರುತ್ತಾರಂತೆ. ನಿಮ್ಮ ನೋವು ತೋರಿಸಿಬಿಡಿ,” ಎಂದಿತು ಪಾರಿವಾಳ.

“ಬೇಡ ಮಗಳೇ. ನನ್ನನ್ನು ಮುಚ್ಚಿದರೆ ಶಾಲೆಯ ಮಕ್ಕಳು ಲಾರಿ ಓಡಾಡುವ ದೊಡ್ಡ ರಸ್ತೆ ದಾಟಬೇಕು. ಅವರಿಗಾಗಿ ತಡೆದುಕೊಳ್ಳುತ್ತೇನೆ.”

“ತಡೆದುಕೊಳ್ಳಲಾಗದ ದಿನ ನಿಮ್ಮ ಮೇಲೆ ಯಾರಿರುತ್ತಾರೆ, ತಾತ?”

ಸೇತುವೆ ಉತ್ತರಿಸುವ ಮೊದಲೇ ಶಾಲೆ ಬಿಟ್ಟ ಮಕ್ಕಳು ಓಡಿಬಂದರು. ಆ ಪುಟ್ಟ ಪಾದಗಳಿಗೂ ತನ್ನ ಮೈ ನಡುಗಿದ್ದು ಕಂಡು ಅದಕ್ಕೆ ದಿಗಿಲಾಯಿತು.

ಮರುದಿನ ಎಂಜಿನಿಯರಮ್ಮ ಕೆಳಗಿಳಿದು ಸುತ್ತಿಗೆಯಿಂದ ತಟ್ಟಿದಾಗ, ಸೇತುವೆ ಅಲ್ಲಿಯವರೆಗೆ ಬಿಗಿಹಿಡಿದಿದ್ದ ಗಾರೆಯ ಚೂರೊಂದನ್ನು ಆಕೆಯ ಕಾಲ ಬಳಿಯೇ ಉದುರಿಸಿತು. ಆಕೆ ತಲೆಯೆತ್ತಿ ಬಿರುಕು ನೋಡಿದವಳೇ ಸೇತುವೆಯನ್ನು ಬಂದ್ ಮಾಡಿಸಿದಳು. ದೊಡ್ಡ ರಸ್ತೆಗೆ ಹಂಪ್ ಹಾಕಿಸಿ, ಮಕ್ಕಳನ್ನು ದಾಟಿಸಲು ಪೊಲೀಸರೊಬ್ಬರನ್ನು ನಿಲ್ಲಿಸಿದಳು.

“ಮಕ್ಕಳು ಮನೆ ಸೇರಿದರೇ?” ಸೇತುವೆ ಆತಂಕದಿಂದ ಕೇಳಿತು.

“ಎಲ್ಲರೂ ಸೇರಿದರು, ತಾತ. ನೀವು ಯಾವಾಗ ಹುಷಾರಾಗುತ್ತೀರಿ ಎಂದು ಕೇಳುತ್ತಿದ್ದರು.”

ಅಷ್ಟರಲ್ಲಿ ಕೆಲಸದವರು ಅಡಿಯಲ್ಲಿ ಕಬ್ಬಿಣದ ಕಂಬಗಳನ್ನು ಆಸರೆಯಾಗಿ ನಿಲ್ಲಿಸಿದ್ದರು. ಜೀವಮಾನವೆಲ್ಲ ಪೇಟೆಯನ್ನು ಹೊತ್ತಿದ್ದ ಸೇತುವೆ, ಮೊಟ್ಟಮೊದಲ ಬಾರಿಗೆ ಇನ್ನೊಬ್ಬರ ಹೆಗಲಿಗೆ ಒರಗಿ ನಿದ್ದೆಹೋಯಿತು.