ಉಪದೇಶಿ ಚೌರಪ್ಪನವರು ಕೇಳಿದ ಪ್ರಶ್ನೆ

ಪೂಜ್ಯ ದಯಾನಾಥ ಸ್ವಾಮಿಗಳು ಹೊನ್ನೇದೊಡ್ಡಿಯ ಆರೋಗ್ಯಮಾತೆಯ ಕ್ರೈಸ್ತ ದೇವಾಲಯಕ್ಕೆ ಗುರುಗಳಾಗಿ ಬಂದಾಗ ಅವರ ವಯಸ್ಸು ಅರವತ್ತು ದಾಟಿತ್ತು. ತಂದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ಕೊಡೆ. ಊರಿನವರು ಹೊಸದಾಗಿ ಮಾಡಿಸಿಟ್ಟಿದ್ದ ಮಂಚ ಬಂದ ವಾರದಲ್ಲೇ ಬಾಣಂತಿಯೊಬ್ಬಳ ಮನೆ ಸೇರಿತು, ಸ್ವಾಮಿಗಳು ಚಾಪೆ ಹಾಸಿಕೊಂಡರು. ಅವರನ್ನು ಕಾಣಬೇಕೆಂದರೆ ಗುರುಮನೆಯಲ್ಲಿ ಹುಡುಕಿ ಪ್ರಯೋಜನವಿರಲಿಲ್ಲ. ಯಾರದಾದರೂ ರೇಷ್ಮೆ ಹುಳುಮನೆಯಲ್ಲಿ ಹುಡುಕಬೇಕಿತ್ತು.

ಹೊನ್ನೇದೊಡ್ಡಿ ರೇಷ್ಮೆಯ ಊರು. ಹುಳು ಹಣ್ಣಾಗಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಯ ಮೇಲೆ ಗೂಡು ಕಟ್ಟಿದ ಐದಾರು ದಿನಕ್ಕೆ ಆ ಗೂಡುಗಳನ್ನು ಒಂದೊಂದಾಗಿ ಬಿಡಿಸಬೇಕು. ಎಷ್ಟು ಕೈ ಇದ್ದರೂ ಸಾಲದ ಕೆಲಸ ಅದು. ಭಾನುವಾರ ಮಧ್ಯಾಹ್ನ ಯಾರ ಮನೆಯಲ್ಲಿ ಗೂಡು ಬಿಡಿಸುವುದಿದೆಯೋ ಅಲ್ಲಿಗೆ ಸ್ವಾಮಿಗಳು ಊರಿನ ಯುವಕ ಯುವತಿಯರನ್ನು ಕರೆದುಕೊಂಡು ಹೋಗುತ್ತಿದ್ದರು. ಅದೇ ಅವರ ಯುವಕೂಟ. ಮೈಕು ಇಲ್ಲ, ಭಾಷಣ ಇಲ್ಲ. ಚಂದ್ರಿಕೆಯ ಸುತ್ತ ಕೂತು ಗೂಡು ಬಿಡಿಸುತ್ತಾ ದೇವರ ವಿಷಯ ಮಾತಾಡುವುದು, ಅಷ್ಟೇ. ಕಟ್ಟಳೆ ಒಂದೇ ಒಂದು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವಂತಿಲ್ಲ.

ಈ ಕಟ್ಟಳೆಯ ಸುದ್ದಿ ಕಿವಿಗೆ ಬಿದ್ದಾಗ ಉಪದೇಶಿ ಚೌರಪ್ಪನವರ ಮೈಯೆಲ್ಲ ಉರಿದುಹೋಯಿತು.

ಚೌರಪ್ಪನವರು ಇಪ್ಪತ್ತೆಂಟು ವರ್ಷದಿಂದ ಆ ಊರಿನ ಮಕ್ಕಳಿಗೆ ಜ್ಞಾನೋಪದೇಶ ಕಲಿಸಿದವರು. ತೆಳ್ಳಗಿನ ನೆಟ್ಟನೆಯ ಆಳು, ಹೆಗಲ ಮೇಲೆ ಇಸ್ತ್ರಿ ಮಾಡಿ ಮಡಿಸಿದ ಬಿಳಿ ಶಲ್ಯ. ಆ ಶಲ್ಯದ ಮಡಿಕೆ ಕೆಡುವುದನ್ನು ಕಂಡವರೇ ಇಲ್ಲ. ಪ್ರಶ್ನೋತ್ತರದ ಪುಸ್ತಕ ಅವರಿಗೆ ಮೊದಲಿನಿಂದ ಕೊನೆಗೂ ಬರುತ್ತಿತ್ತು, ಕೊನೆಯಿಂದ ಮೊದಲಿಗೂ ಬರುತ್ತಿತ್ತು. ನಂಬಿಕೆಯನ್ನು ಬಾಯಾರೆ ಒಪ್ಪಿದವರ ಹಣೆಗೆ ತೈಲ ಹಚ್ಚಿ ದೃಢೀಕರಣ ಸಂಸ್ಕಾರ ಕೊಡಲು ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಊರಿಗೆ ಬಂದು ಮಕ್ಕಳನ್ನು ಪ್ರಶ್ನೆ ಕೇಳುವಾಗ ಹೊನ್ನೇದೊಡ್ಡಿಯ ಒಂದು ಮಗುವೂ ತಡವರಿಸಿದ್ದಿಲ್ಲ. ಸುತ್ತಲಿನ ಹತ್ತು ಊರಿನ ಉಪದೇಶಿಗಳು ಇದರ ಗುಟ್ಟೇನೆಂದು ತಲೆ ಕೆಡಿಸಿಕೊಂಡಿದ್ದರು.

ಗುಟ್ಟು ಬಹಳ ಸರಳವಾಗಿತ್ತು. ಹಿಂದಿನ ಧರ್ಮಾಧ್ಯಕ್ಷರು ಪ್ರತಿ ಸಲವೂ ಪುಸ್ತಕದ ಕ್ರಮದಲ್ಲೇ, ಗಂಡುಮಕ್ಕಳ ಮೊದಲ ಬೆಂಚಿನಿಂದ ಶುರುಮಾಡಿ ಪ್ರಶ್ನೆ ಕೇಳುತ್ತಿದ್ದರು. ಚೌರಪ್ಪನವರು ಇದನ್ನು ಮೊದಲ ವರ್ಷವೇ ಗಮನಿಸಿ, ಮಕ್ಕಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದೇ ಉತ್ತರ ಕಲಿಸಿಬಿಡುತ್ತಿದ್ದರು. ಹದಿನೇಳನೆಯ ಮಗುವಿಗೆ ಹದಿನೇಳನೆಯ ಉತ್ತರ. ಇದು ಮೋಸವೆಂದು ಅವರಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ದೇವರ ಕೆಲಸ ಅಚ್ಚುಕಟ್ಟಾಗಿ ನಡೆಯಬೇಕೆಂಬುದು ಅವರ ಪ್ರಾಮಾಣಿಕ ಆಸೆಯಾಗಿತ್ತು.

ಈ ವರ್ಷ ಸಾಲಿನಲ್ಲಿ ಒಂದು ಜಾಗ ಖಾಲಿ ಉಳಿಯಿತು. ಅದು ಅವರ ಒಬ್ಬಳೇ ಮಗಳು ಜಸಿಂತಳ ಜಾಗ. ಪಿಯುಸಿ ಓದುತ್ತಿದ್ದ ಹದಿನೇಳರ ಹುಡುಗಿ, ತಾಯಿಯಿಲ್ಲದೆ ಅಪ್ಪನ ಕೈಯಲ್ಲೇ ಬೆಳೆದವಳು. ಒಂದು ದಿನ ಬೆಳಿಗ್ಗೆ ಅಪ್ಪನಿಗೆ ಮುದ್ದೆ ಬಡಿಸುತ್ತಾ ಅವಳು ಮೆಲ್ಲಗೆ ಹೇಳಿದಳು: "ಅಪ್ಪಾ, ಎಲ್ಲಾ ಉತ್ತರಾನೂ ಒಪ್ಪಿಸ್ತೀನಿ ಬೇಕಾದ್ರೆ. ಆದ್ರೆ ಅದ್ಯಾವುದೂ ನನ್ನ ಮಾತಲ್ಲ. ನಂಬ್ತೀನಿ ಅಂತ ದೇವರ ಮುಂದೆ ನಿಂತು ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ."

ಚೌರಪ್ಪನವರು ಬೈದರು. ಆಮೇಲೆ ಬೇಡಿಕೊಂಡರು. ಅವಳು ಎದುರು ಮಾತಾಡಲಿಲ್ಲ, ಒಪ್ಪಲೂ ಇಲ್ಲ. ಊರಿನ ಮುಂದೆ ತಲೆ ತಗ್ಗಿಸಬೇಕಲ್ಲ ಎಂಬ ಸಂಕಟ ಅವರಿಗೆ ಇದ್ದದ್ದು ನಿಜ. ಆದರೆ ಅದಕ್ಕಿಂತ ಆಳದಲ್ಲಿ ಒಂದು ಭಯ ಕೂತಿತ್ತು. ಈ ಮಗಳು ದೇವರ ಕೈಯಿಂದ ಜಾರಿಹೋಗುತ್ತಿದ್ದಾಳೆ, ಜೊತೆಗೆ ತನ್ನ ಕೈಯಿಂದಲೂ.

ಇದಕ್ಕೆಲ್ಲ ಅವಳು ಭಾನುವಾರ ಹೋಗುತ್ತಿದ್ದ ಆ ಹುಳುಮನೆಯ ಹರಟೆಯೇ ಕಾರಣವೆಂದು ತೀರ್ಮಾನಿಸಿ, ಧರ್ಮಾಧ್ಯಕ್ಷರ ಭೇಟಿಗೆ ಮೂರು ವಾರ ಇರುವಾಗ ಒಂದು ಭಾನುವಾರ ಅವರು ಸ್ವಾಮಿಗಳಿದ್ದಲ್ಲಿಗೇ ನಡೆದರು. ವಿಧವೆ ರಾಯಮ್ಮನ ಮನೆ. ತುಂಬಿದ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಹತ್ತಿಪ್ಪತ್ತು ಹುಡುಗ ಹುಡುಗಿಯರ ನಡುವೆ ಪೂಜ್ಯರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬೆರಳಿಗೆಲ್ಲ ರೇಷ್ಮೆಯ ಎಳೆ ಸುತ್ತಿಕೊಂಡಿತ್ತು, ಗಡ್ಡಕ್ಕೂ ಒಂದಿಷ್ಟು ಅಂಟಿತ್ತು. ಯಾರೋ ಏನೋ ಕೇಳಿ ಎಲ್ಲರೂ ನಗುತ್ತಿದ್ದರು. ಜಸಿಂತಳೂ ನಗುತ್ತಿದ್ದಳು. ಮನೆಯಲ್ಲಿ ಮಗಳು ನಕ್ಕು ತಿಂಗಳಾಗಿತ್ತೆಂಬುದು ಆಗಷ್ಟೇ ಚೌರಪ್ಪನವರಿಗೆ ಹೊಳೆಯಿತು.

ಅವರು ನಿಂತೇ ಮಾತು ಶುರುಮಾಡಿದರು. ಪ್ರಶ್ನೆ ಕೇಳುವುದನ್ನು ಕಲಿಸಿದರೆ ಮಕ್ಕಳು ಕೆಡುತ್ತಾರೆ, ತಾವು ಕಟ್ಟಿದ್ದನ್ನೆಲ್ಲ ಸ್ವಾಮಿಗಳು ಕೆಡವುತ್ತಿದ್ದಾರೆ, ನಾಳೆ ದೇವರಿಗೆ ಯಾರು ಲೆಕ್ಕ ಒಪ್ಪಿಸಬೇಕು ಎಂದೆಲ್ಲ ಕೇಳಿದರು. ಪೂಜ್ಯರು ಮಧ್ಯೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಪಕ್ಕಕ್ಕೆ ಸರಿದು ನೆಲದ ಮೇಲೆ ಜಾಗ ಮಾಡಿ ಹೇಳಿದರು:

"ಕೂತ್ಕೊಳ್ಳಿ ಉಪದೇಶಿಗಳೇ. ನೀವೂ ಒಂದು ಪ್ರಶ್ನೆ ಕೇಳಿ. ನಿಮಗೆ ಉತ್ತರ ಗೊತ್ತಿಲ್ಲದ್ದು."

ಚೌರಪ್ಪನವರು ಕೂತರು. ಯಾವ ಪ್ರಶ್ನೆ ನೆನಪಿಗೆ ಬಂದರೂ ಅದರ ಉತ್ತರ ಬಾಲದ ಹಾಗೆ ಹಿಂದೆಯೇ ಬರುತ್ತಿತ್ತು. ಸಂಜೆಯವರೆಗೂ ಅವರು ಗೂಡು ಬಿಡಿಸಿದರು. ಆ ದಿನ ಎಲ್ಲರಿಗಿಂತ ಹೆಚ್ಚು ಗೂಡು ಬಿಡಿಸಿದವರು ಅವರೇ ಎಂದು ರಾಯಮ್ಮ ಬಹಳ ಕಾಲ ಹೇಳುತ್ತಿದ್ದಳು.

ಮುಂದಿನ ಭಾನುವಾರ ಅವರು ತಯಾರಾಗಿಯೇ ಬಂದರು. ದೇವದೂತರ ಗಣಗಳ ಬಗ್ಗೆ ಒಂದು ಕಠಿಣ ಪ್ರಶ್ನೆಯನ್ನು ಎಲ್ಲೋ ಹಳೆಯ ಗ್ರಂಥದಲ್ಲಿ ಹುಡುಕಿ ತಂದಿದ್ದರು. ಕೇಳಿ ಮುಗಿಸುವ ಮೊದಲೇ ಹುಡುಗಿಯೊಬ್ಬಳು, ಸಾರ್, ಇದರ ಉತ್ತರ ನಿಮಗೆ ಗೊತ್ತು, ನಿಮ್ಮ ಮುಖ ನೋಡಿದರೇ ತಿಳಿಯುತ್ತದೆ ಎಂದಳು. ಎಲ್ಲರೂ ನಕ್ಕರು. ಪೂಜ್ಯರು ನಗಲಿಲ್ಲ, ಒಂದು ಚಂದ್ರಿಕೆಯನ್ನು ಅವರ ಮುಂದಕ್ಕೆ ತಳ್ಳಿದರು. ಚೌರಪ್ಪನವರು ಮತ್ತೆ ಗೂಡು ಬಿಡಿಸಿದರು.

ಮೂರನೆಯ ಭಾನುವಾರದ ಹೊತ್ತಿಗೆ ಅವರ ಬಿಗುಮಾನ ಅರ್ಧ ಇಳಿದಿತ್ತು. ಅವರು ಚಂದ್ರಿಕೆಯ ಒಂದು ಕಡೆ, ಜಸಿಂತ ಇನ್ನೊಂದು ಕಡೆ. ಮಧ್ಯೆ ಬಿದಿರಿನ ಸುರುಳಿ ತುಂಬ ಹಳದಿ ಗೂಡು. ಬಹಳ ಹೊತ್ತಿನ ಮೇಲೆ, ಯಾರ ಮುಖವನ್ನೂ ನೋಡದೆ, ಚೌರಪ್ಪನವರು ಮಾತಾಡಿದರು. ಕಲಿಸುವಾಗಿನ ಕಂಚಿನ ದನಿ ಅದಾಗಿರಲಿಲ್ಲ.

"ಇಪ್ಪತ್ತೆಂಟು ವರ್ಷ ದೇವರ ವಿಷಯ ಹೇಳಿದೀನಿ ಸ್ವಾಮಿ. ಇವಳ ತಾಯಿ ತೀರ್ಕೊಂಡ ದಿನಾನೂ ಪುಸ್ತಕದಲ್ಲಿದ್ದ ಜಪವನ್ನೇ ಹೇಳ್ದೆ, ಒಂದಕ್ಷರ ತಪ್ಪದೆ. ನಂದು ಅಂತ ಒಂದು ಮಾತೂ ಆಡ್ಲಿಲ್ಲ. ಪುಸ್ತಕ ಮುಚ್ಚಿಟ್ಟು ದೇವರ ಹತ್ರ ಮಾತಾಡೋದು ಹೇಗೆ? ನನಗೆ ಗೊತ್ತಿಲ್ಲ."

ಜಸಿಂತಳ ಕೈ ನಿಂತುಹೋಯಿತು. ಅಪ್ಪನ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪೂಜ್ಯರು ಮೇಲೆದ್ದು, ಚಂದ್ರಿಕೆಯನ್ನು ಎತ್ತಿ ಪಕ್ಕಕ್ಕಿಟ್ಟು ಹೊರಗೆ ಹೋದರು. ಈಗ ತಂದೆ ಮಗಳ ನಡುವೆ ಏನೂ ಇರಲಿಲ್ಲ. ಅವಳು ಹತ್ತಿರ ಸರಿದು ಅಪ್ಪನ ಬೆರಳಿಗೆ ಸುತ್ತಿಕೊಂಡಿದ್ದ ಎಳೆಗಳನ್ನು ಬಿಡಿಸತೊಡಗಿದಳು.

ಆದರೂ ಸಂಸ್ಕಾರದ ವಿಷಯ ಅವಳು ಏನೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ಆ ವಾರವೆಲ್ಲ ಕೇಳದೆ ಇರುವುದೇ ಅವರಿಗೆ ದೊಡ್ಡ ತಪಸ್ಸಾಯಿತು.

ಧರ್ಮಾಧ್ಯಕ್ಷರು ಬಂದ ದಿನ ದೇವಾಲಯವೆಲ್ಲ ಸೇವಂತಿಗೆ ಹೂವಿನಿಂದ ತುಂಬಿತ್ತು. ಬಲಗಡೆ ಬಿಳಿ ಅಂಗಿಯ ಗಂಡುಮಕ್ಕಳು, ಎಡಗಡೆ ಬಿಳಿ ಮುಸುಕಿನ ಹೆಣ್ಣುಮಕ್ಕಳು. ಜಸಿಂತ ಬಂದಿದ್ದಳು, ಆದರೆ ದಿನಬಳಕೆಯ ನೀಲಿ ಲಂಗದಾವಣಿಯಲ್ಲಿ, ಬರಿದಲೆಯಲ್ಲಿ, ಎಲ್ಲರಿಗಿಂತ ಹಿಂದಿನ ಬೆಂಚಿನಲ್ಲಿ. ಚೌರಪ್ಪನವರು ಕಂಬದ ಪಕ್ಕದಿಂದ ಒಮ್ಮೆ ಅವಳನ್ನು ನೋಡಿ ಮುಖ ತಿರುಗಿಸಿದರು.

ಧರ್ಮಾಧ್ಯಕ್ಷರು ಹೊಸಬರು. ಮಂಡಿನೋವು ಅವರಿಗೆ. ಗಂಡುಮಕ್ಕಳ ಕಡೆಗೆ ಮೆಟ್ಟಿಲು ಇಳಿಯಬೇಕಿತ್ತು, ಎಡಗಡೆ ಇಳಿಜಾರು. ಅವರು ಸಹಜವಾಗಿ ಎಡಗಡೆ ನಡೆದು, ಹೆಣ್ಣುಮಕ್ಕಳ ಸಾಲಿನ ಕಟ್ಟಕಡೆಯ ಹುಡುಗಿಯ ಮುಂದೆ ನಿಂತರು. ಚೌರಪ್ಪನವರು ಕಲಿಸಿದ್ದ ಕ್ರಮ ಅಲ್ಲಿಗೇ ತಲೆಕೆಳಗಾಯಿತು.

"ದೇವರು ಎಷ್ಟು, ಮಗೂ?" ಎಂದರು ಧರ್ಮಾಧ್ಯಕ್ಷರು ಅಕ್ಕರೆಯಿಂದ.

ಆ ಹುಡುಗಿಯ ಪಾಲಿಗೆ ಬಂದದ್ದು ಪ್ರಧಾನ ಪಾಪಗಳ ಸಂಖ್ಯೆ. "ಏಳು, ಪ್ರಭು!" ಎಂದಳು ದೇವಾಲಯವೆಲ್ಲ ಮೊಳಗುವಂತೆ.

ಧರ್ಮಾಧ್ಯಕ್ಷರು ಪಕ್ಕದ ಹುಡುಗಿಯತ್ತ ತಿರುಗಿದರು. ಈ ಜಗತ್ತನ್ನು ಸೃಷ್ಟಿಸಿದವರು ಯಾರು? ಅವಳು ಕಣ್ಣು ಮುಚ್ಚಿ, ಕೈ ಜೋಡಿಸಿ, ಪಿಲಾತನು ಎಂದಳು. ಯೇಸುವಿಗೆ ಶಿಲುಬೆಯ ಶಿಕ್ಷೆ ವಿಧಿಸಿದವನು ಯಾರು ಎಂಬುದು ಅವಳ ಪಾಲಿನ ಪ್ರಶ್ನೆ. ಮೂರನೆಯವಳು ದೇವರು ಎಲ್ಲಿದ್ದಾರೆ ಎಂಬುದಕ್ಕೆ, ಅದು ಬಲು ಘೋರವಾದ ಅಪರಾಧ, ಕೂಡಲೇ ಪಶ್ಚಾತ್ತಾಪ ಪಡಬೇಕು ಎಂದು ಉತ್ತರಿಸಿದಳು.

ಮೊದಲು ನಕ್ಕವರು ಯಾರೋ ತಿಳಿಯದು. ಹಿಂದಿನ ಬೆಂಚಿನಿಂದ ಶುರುವಾದ ನಗು ಮುಂದೆ ಮುಂದೆ ಬಂದು, ಹಾಡುವ ತಂಡದವರನ್ನೂ ಮುಟ್ಟಿ, ಕೊನೆಗೆ ಧರ್ಮಾಧ್ಯಕ್ಷರ ಕನ್ನಡಕವನ್ನೂ ಜಾರಿಸಿತು. ಮಕ್ಕಳು ಮಾತ್ರ ಪೆಚ್ಚಾಗಿ ನಿಂತಿದ್ದರು. ಏಳು ಎಂದವಳ ಕಣ್ಣಲ್ಲಿ ನೀರು ಬಂದಿತ್ತು.

ಆ ನೀರನ್ನು ಕಂಡು ಚೌರಪ್ಪನವರಿಗೆ ತಡೆಯಲಾಗಲಿಲ್ಲ. ಇಪ್ಪತ್ತೆಂಟು ವರ್ಷದ ಮರ್ಯಾದೆಯನ್ನು ಅಲ್ಲೇ ಕಂಬದ ಬುಡದಲ್ಲಿ ಬಿಟ್ಟು ಅವರು ನಡುಹಾದಿಗೆ ಬಂದರು. "ಪ್ರಭುಗಳೇ, ತಪ್ಪು ಮಕ್ಕಳದಲ್ಲ, ನಂದು" ಎಂದು ಕೈಮುಗಿದು, ಸಾಲಿನ ಗುಟ್ಟನ್ನು ಇಡೀ ಊರಿನೆದುರು ಹೇಳಿಬಿಟ್ಟರು. ತಾನು ಮಕ್ಕಳ ಬಾಯಿಗೆ ಉತ್ತರ ಇಟ್ಟೆನೇ ಹೊರತು ಅವರ ಮನಸ್ಸಿನಲ್ಲಿ ಏನಿದೆಯೆಂದು ಒಮ್ಮೆಯೂ ಕೇಳಲಿಲ್ಲ ಎಂದರು. ಹೇಳಿ ಮುಗಿದಾಗ ಅವರಿಗೆ ನಾಚಿಕೆಯಾಗಬೇಕಿತ್ತು. ವಿಚಿತ್ರವೆಂದರೆ, ತಲೆಯ ಮೇಲಿನ ಹೊರೆ ಇಳಿಸಿದಷ್ಟು ಹಗುರವಾಯಿತು.

ಆಗ ಹಿಂದಿನ ಬೆಂಚಿನಿಂದ ಜಸಿಂತ ಎದ್ದು ಬಂದು ಅಪ್ಪನ ಪಕ್ಕದಲ್ಲಿ ನಿಂತಳು.

"ಪ್ರಭುಗಳೇ, ನನಗಿನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಹೋದ ವಾರ ನಮ್ಮಪ್ಪ ಗೊತ್ತಿಲ್ಲದ್ದೊಂದನ್ನ ಕೇಳಿದ್ರು. ಆವತ್ತಿಂದ ನಾನೂ ದಿನಾ ದೇವರನ್ನ ಕೇಳ್ತಾ ಇದೀನಿ. ನೀನು ಇದೀಯಾ ಅಂತಾನೇ ಕೇಳ್ತೀನಿ. ಯಾಕೋ, ಕೇಳುವಾಗ ಒಬ್ಬಳೇ ಇದೀನಿ ಅನ್ನಿಸೋದಿಲ್ಲ. ಇಷ್ಟೇ ನನ್ನ ಹತ್ರ ಇರೋದು. ಇಷ್ಟಕ್ಕೆ ಸಂಸ್ಕಾರ ಕೊಡ್ತೀರಾ?"

ಧರ್ಮಾಧ್ಯಕ್ಷರು ಪೂಜ್ಯ ದಯಾನಾಥ ಸ್ವಾಮಿಗಳ ಕಡೆ ನೋಡಿದರು. ಪೂಜ್ಯರು ಪೀಠದ ಮೂಲೆಯಲ್ಲಿ, ಪರಿಮಳ ತೈಲದ ಬಟ್ಟಲು ಹಿಡಿದು ನಿಂತಿದ್ದರು. ಅವರು ಅಂದು ಆಡಿದ್ದು ಒಂದೇ ಮಾತು.

"ಕೇಳುವವರಿಗೆ ಕೊಡದೆ ಇನ್ಯಾರಿಗೆ ಕೊಡೋದು, ಪ್ರಭುಗಳೇ?"

ಧರ್ಮಾಧ್ಯಕ್ಷರು ತೈಲಕ್ಕೆ ಕೈ ಚಾಚಿದರು. ಅವಳ ತಲೆಯ ಮೇಲೆ ಮುಸುಕಿಲ್ಲವೆಂಬುದು ಆಗ ಎಲ್ಲರಿಗೂ ಕಂಡಿತು. ಚೌರಪ್ಪನವರು ಹೆಗಲ ಮೇಲಿನ ಶಲ್ಯ ತೆಗೆದು, ಅದರ ಮಡಿಕೆ ಬಿಚ್ಚಿ, ಮಗಳ ತಲೆಗೆ ಹೊದಿಸಿದರು. ಪವಿತ್ರಾತ್ಮರ ಮುದ್ರೆ ಮೊದಲು ಬಿದ್ದದ್ದು ಆ ಹಣೆಯ ಮೇಲೆ. ಏಳು ಎಂದವಳೂ, ಪಿಲಾತನು ಎಂದವಳೂ ಅವಳ ಹಿಂದೆ ಸಾಲು ತಪ್ಪಿ, ಯಾರು ಮೊದಲು ಯಾರು ಕೊನೆ ಎನ್ನದೆ ಬಂದು ನಿಂತರು. ಹಾಡುವವರು ಹಾಡು ಎತ್ತಿದರು. ಹೊನ್ನೇದೊಡ್ಡಿಯಲ್ಲಿ ಅಷ್ಟು ಗಟ್ಟಿಯಾಗಿ ಹಾಡಿದ್ದನ್ನು ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ.

ಮರುವಾರ ಜ್ಞಾನೋಪದೇಶಕ್ಕೆ ಬಂದ ಪುಟ್ಟ ಮಕ್ಕಳು ಎಂದಿನಂತೆ ಸಾಲಾಗಿ ಕೂರಲು ಹೋದರು. ಚೌರಪ್ಪನವರು ಸಾಲು ಬೇಡವೆಂದರು, ತಾವೂ ಅವರ ನಡುವೆ ನೆಲದ ಮೇಲೆ ಕೂತರು. ಹೆಗಲ ಮೇಲೆ ಶಲ್ಯವಿರಲಿಲ್ಲ, ಮಗಳು ಅದನ್ನು ಹಿಂದಿರುಗಿಸಿರಲಿಲ್ಲ. ಮೊದಲ ಬಾರಿಗೆ ಬಂದಿದ್ದ ಪುಟ್ಟ ಹುಡುಗಿಯೊಬ್ಬಳು ಕೈ ಎತ್ತಿದಳು. ಆವತ್ತು ಚರ್ಚಿನಲ್ಲಿ ಎಲ್ಲರೂ ನಕ್ಕರಲ್ಲ, ಆಗ ದೇವರಿಗೂ ನಗು ಬಂತಾ ಎಂದು ಕೇಳಿದಳು.

ಹಿಂದಿನ ಚೌರಪ್ಪನವರಾಗಿದ್ದರೆ, ಅದು ಪುಸ್ತಕದಲ್ಲಿಲ್ಲ, ಕೂತ್ಕೊ ಎನ್ನುತ್ತಿದ್ದರು. ಈಗ ಅವರಿಗೆ ಏಳು ದೇವರು ನೆನಪಾದರು, ಜಗತ್ತನ್ನು ಸೃಷ್ಟಿಸಿದ ಪಿಲಾತ ನೆನಪಾದ. ಅವರ ಗಂಟಲೊಳಗಿಂದ ನಗು ಉಕ್ಕಿ ಬಂತು, ಮಕ್ಕಳೆಲ್ಲ ಅವರನ್ನೇ ನೋಡಿದರು.

"ಗೊತ್ತಿಲ್ಲ ಕಣವ್ವಾ" ಎಂದರು ಅವರು, ಪುಸ್ತಕ ಮುಚ್ಚಿಟ್ಟು ಕೈ ಜೋಡಿಸುತ್ತಾ. "ಬಾ, ಕೇಳೋಣ."