ಬೀರು ಅಂಬಿಗನು ಸ್ವಾಮಿಗಳ ದಂಡೆಯ ಮೇಲೆ ಕುಳಿತದ್ದು

ಪೂಜ್ಯ ಸದಾತೃಪ್ತ ಸ್ವಾಮಿಗಳವರಿಗೆ ಮಠವೆಂಬುದಿರಲಿಲ್ಲ. ಹೊಳೆಯು ಸಮುದ್ರ ಸೇರುವ ಕೋಡಿಗಜನಿಯೆಂಬ ಊರಿನಲ್ಲಿ, ಗದ್ದೆಗೆ ಉಪ್ಪುನೀರು ಬಾರದಂತೆ ಕಟ್ಟಿದ ಮಣ್ಣಿನ ದಂಡೆಯ ಮೇಲೆ ಒಂದು ತೆಂಗಿನ ಮಡಲಿನ ಗುಡಿಸಲು, ಅದರ ಮುಂದೆ ಕೆಸರಿನಲ್ಲಿ ಬೇರೂರಿ ನಿಂತ ಕಾಂಡ್ಲ ಗಿಡಗಳ ಹಿಂಡು. ಆ ಬೇರುಗಳ ನಡುವೆ ಬಳಚಿನ ಚಿಪ್ಪು ಆಯಲು, ಏಡಿ ಹಿಡಿಯಲು ಇಳಿಯುವ ಹೆಂಗಸರು ಗುಡಿಸಲಿನ ಬಾಗಿಲಲ್ಲಿ ಒಂದು ತಂಬಿಗೆ ಗಂಜಿ ಇಟ್ಟು ಹೋಗುತ್ತಿದ್ದರು. ಸ್ವಾಮಿಗಳಿಗೆ ಅಷ್ಟು ಸಾಕಾಗಿತ್ತು.

ಕಾಂಡ್ಲ ಕಂಡರೆ ಆಗದವನು ಊರಿನಲ್ಲಿ ಬೀರು ಅಂಬಿಗನೊಬ್ಬನೇ. ಏಡಿಗಳು ದಂಡೆಯನ್ನು ಕೊರೆಯುತ್ತವೆ, ಆ ತೂತಿನಿಂದ ಉಪ್ಪುನೀರು ನುಗ್ಗುತ್ತದೆ, ಇದು ನಿಜವೇ. ಆದರೆ ಬೀರು, ಕಾಂಡ್ಲವೇ ಏಡಿಯ ತವರುಮನೆ, ತವರು ಹಾಳಾದರೆ ಏಡಿಯೂ ಹೋದೀತು ಎಂದೆಣಿಸಿ, ಬೇಸಿಗೆಯಲ್ಲಿ ತನ್ನ ಗದ್ದೆಯ ಮುಂದಿನ ಗಿಡಗಳನ್ನೆಲ್ಲ ಕಡಿದುಬಿಟ್ಟ. ಅಡ್ಡಬಂದ ಹೆಂಗಸರನ್ನು ಬಾಯಿಗೆ ಬಂದಂತೆ ಬೈದ.

"ನಾಳೆ ನಿನ್ನ ದಂಡೆ ಒಡೆದ್ರೆ ನಮ್ಮನ್ನ ಕರೀಬೇಡ ಮಾರಾಯಾ," ಎಂದು ಅವರು ಬುಟ್ಟಿ ಎತ್ತಿಕೊಂಡು ನಡೆದರು.

ಆಷಾಢದಲ್ಲಿ ಕಗ್ಗದ ಭತ್ತ ಬೆರಳುದ್ದ ಮೇಲೆದ್ದಿತ್ತು. ಬೀರುವಿನ ಮನೆಗೆ ವರ್ಷದ ಅನ್ನವೆಂದರೆ ಅದೇ. ತನ್ನ ದಂಡೆಯಲ್ಲಿ ಮತ್ತೆ ತೂತು ಕಂಡಾಗ, ಅಮಾವಾಸ್ಯೆಯ ಹಿಂದಿನ ದಿನ ಅವನು ಕತ್ತಿ ಹಿಡಿದು ಗುಡಿಸಲಿಗೆ ಬಂದ.

"ಸ್ವಾಮೀ, ಏಡಿಯೆಲ್ಲ ನಿಮ್ಮ ಕಾಂಡ್ಲದಿಂದ್ಲೇ ಬರೂದು. ಇದನ್ನೂ ಕಡೀತೆ. ಶಾಪ ಗೀಪ ಕೊಡೂದಿದ್ರೆ ಈಗ್ಲೇ ಕೊಟ್ಬಿಡಿ."

ಸ್ವಾಮಿಗಳು ನಕ್ಕರು. "ಕಡಿಯಪ್ಪ. ನಾಳೆ ಸಮುದ್ರ ಉಕ್ಕಿ, ಭರತದ ನೀರು ಏರಿ ಇಳಿದ ಮೇಲೆ ಕಡಿ. ಅಲ್ಲಿಯವರೆಗೆ ನೀನು ನನ್ನ ದಂಡೆಯ ಮೇಲೆ ಕೂತಿರು, ನಾನು ನಿನ್ನದರ ಮೇಲೆ ಕೂತಿರುತ್ತೇನೆ."

ಮರುದಿನ ಪಡುಗಾಳಿಯೊಡನೆ ಭರತ ಏರಿತು. ಬೀರು ಗುಡಿಸಲಿನ ಮುಂದೆ ಕುಳಿತು ಬೀಡಿ ಹಚ್ಚಿದ. ಅಬ್ಬರಿಸಿ ಬಂದ ಅಲೆ ಕಾಂಡ್ಲದೊಳಗೆ ಹೊಕ್ಕು ಬೇರಿನಿಂದ ಬೇರಿಗೆ ಸೋತು, ದಂಡೆಯನ್ನು ಮುಟ್ಟುವಾಗ ಎಮ್ಮೆ ನೀರು ಕುಡಿದಷ್ಟೇ ಸದ್ದು ಮಾಡುತ್ತಿತ್ತು. ಸುಖವಾಗಿ ಒಂದು ದಮ್ಮು ಎಳೆದು ಅವನು ತನ್ನ ದಂಡೆಯ ಕಡೆಗೆ ನೋಡಿದ.

ಅಲ್ಲಿ ತೆರೆ ನೇರವಾಗಿ ಸ್ವಾಮಿಗಳ ಎದೆಗೆ ಹೊಡೆಯುತ್ತಿತ್ತು. ಅವರು ಕುಳಿತ ಮಣ್ಣು ಕರಗಿ ಬೀಳುತ್ತಿತ್ತು. ಅವರು ಮಾತ್ರ ಕಣ್ಣುಮುಚ್ಚಿ, ಕಾವಿಯ ಸೆರಗು ನೀರಿನಲ್ಲಿ ತೇಲುತ್ತಿರಲು, ಅಲುಗದೆ ಕುಳಿತಿದ್ದರು.

ಬೀರು ಬೀಡಿ ಎಸೆದು ಓಡಿದ. ಅಲೆಗೆ ಬೆನ್ನು ಕೊಟ್ಟು ಸ್ವಾಮಿಗಳ ಮುಂದೆ ನಿಂತ. "ಅಯ್ಯೋ, ಸ್ವಾಮಿಗಳು ನೀರಲ್ಲಿ!" ಎಂದು ಅವನ ಹೆಂಡತಿ ನೇಮಿ ಕೂಗಿದಳು. ಬೈಸಿಕೊಂಡಿದ್ದ ಹೆಂಗಸರೆಲ್ಲ ಬುಟ್ಟಿಯಲ್ಲಿ ಮಣ್ಣು ಹೊತ್ತು ಬಂದರು.

"ನಿನಗಾಗಿ ಬಂದದ್ದಲ್ಲ, ತಿಳೀತಾ?" ಎಂದಳು ಒಬ್ಬಳು, ಅವನ ಕಾಲ ಬುಡದಲ್ಲೇ ಮಣ್ಣು ಸುರಿಯುತ್ತ.

"ಏಳಿ ಸ್ವಾಮೀ," ಎಂದು ಬೀರು ಅತ್ತ.

ಸ್ವಾಮಿಗಳು ಕಣ್ತೆರೆದರು. "ಅಲ್ಲಿ ನಿನ್ನ ಮೈ ನೆನೆಯಿತೇ, ಬೀರು?"

"ಇಲ್ಲ ಸ್ವಾಮೀ. ಬೀಡಿ ಸಹ ನೆನೀಲಿಲ್ಲ."

"ಇಲ್ಲಿ ನನ್ನದು ನೆನೆಯಿತು."

ನೀರು ತಿರುಗುವವರೆಗೆ ಅವರು ಏಳಲಿಲ್ಲ. ಬೀರುವಿನ ಗದ್ದೆಯ ಒಂದು ಮೂಲೆಯ ಸಸಿ ಉಪ್ಪಿಗೆ ಸುಟ್ಟುಹೋಯಿತು. ಉಳಿದದ್ದೆಲ್ಲ ಉಳಿಯಿತು.

ಮಳೆಗಾಲದಲ್ಲಿ ಕಾಂಡ್ಲದ ಕೋಡುಗಳು ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಉದ್ದವಾಗಿ ಉದುರುತ್ತವೆ. ಹೆಂಗಸರು ಅವನ್ನು ಮಡಿಲಲ್ಲಿ ತುಂಬಿ ತಂದರು. ಬೀರು ಮೊಣಕಾಲು ಕೆಸರಿನಲ್ಲಿ ಬಾಗಿ, ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ತನ್ನ ದಂಡೆಯ ಮುಂದೆ ಊರಿದ.

"ನನ್ನ ಮದುವೆಯಾದಾಗ್ಲೂ ಇಷ್ಟು ಭಕ್ತಿ ಇರ್ಲಿಲ್ಲ ಇವ್ರಿಗೆ," ಎಂದಳು ನೇಮಿ. ಸ್ವಾಮಿಗಳು ಮಗುವಿನಂತೆ ನಕ್ಕರು.

ಭರತ ಏರಿ ಎಳೆಯ ಕೋಡುಗಳೆಲ್ಲ ಮುಳುಗಿದವು. ಹೆಂಗಸರು ಮನೆಗೆ ಹೋದರು. ಬೀರು ಹೋಗಲಿಲ್ಲ. ಬಾಣಂತಿ ಕೋಣೆಯ ಹೊರಗೆ ಕುಳಿತವನಂತೆ ದಂಡೆಯ ಮೇಲೆ ಕುಳಿತೇ ಇದ್ದ. ನೇಮಿ ಊಟಕ್ಕೆ ಕೂಗಿದಳು, ಮತ್ತೆ ಕೂಗಿದಳು. ನೀರಿಳಿದು ಮೊದಲ ಹಸಿರು ತುದಿ ಕಂಡ ಮೇಲೆಯೇ ಅವನು ಎದ್ದದ್ದು.