ದೊಡ್ಡ ಗಿಟಾರು ಕೇಳಿದ ಹಾಡು

ಅಪೊಲಿನ್ ಟೀಚರ್ ಮನೆಯ ಗೋಡೆಯಲ್ಲಿ ಎರಡು ಗಿಟಾರುಗಳು ನೇತಾಡುತ್ತಿದ್ದವು. ದೊಡ್ಡದು ಮದುವೆಮನೆಗಳಲ್ಲಿ ಮೆರೆದದ್ದು; ಮೈಕಿಲ್ಲದೆಯೂ ಕೊನೆಯ ಬೆಂಚಿನವರ ತಲೆದೂಗಿಸಿದ್ದು. ಚಿಕ್ಕದರಲ್ಲಿ ಟೀಚರು ಹುಡುಗಿಯಾಗಿದ್ದಾಗ ಕಲಿತಿದ್ದರು. ದೊಡ್ಡದು ಮನೆಗೆ ಬಂದಂದು ಗೋಡೆ ಸೇರಿದ ಚಿಕ್ಕದು ಮತ್ತೆ ಕೆಳಗಿಳಿದಿರಲಿಲ್ಲ.

"ಅಷ್ಟು ಸಣ್ಣ ಹೊಟ್ಟೆಯಲ್ಲಿ ಎಷ್ಟು ನಾದ ಹಿಡಿದೀತು?" ಎಂದು ದೊಡ್ಡ ಗಿಟಾರು ಹಳೆಯ ಚಪ್ಪಾಳೆಗಳನ್ನು ನೆನೆದು ಚಿಕ್ಕದಕ್ಕಾಗಿ ಮರುಗುತ್ತಿತ್ತು. "ಟೀಚರನ್ನು ಊರಿಗೆಲ್ಲ ಕೇಳಿಸಿದ್ದು ನಾನು."



ವರ್ಷಗಳು ಉರುಳಿ ಟೀಚರಿಗೆ ಭುಜ ಹಿಡಿದುಕೊಂಡಿತು. ಒಂದು ಸಂಜೆ ದೊಡ್ಡದನ್ನು ತೊಡೆಗೇರಿಸಿದರೆ, ಅದರ ಮೈ ಬಳಸಿ ಕೈ ತಂತಿಗೆ ಎಟುಕಲೇ ಇಲ್ಲ. ಅದನ್ನು ಮೂಲೆಗೆ ಒರಗಿಸಿ, ಚಿಕ್ಕದರ ಧೂಳೊರೆಸಿ, ತಂತಿ ಬಿಗಿದು ಮಡಿಲಿಗೆತ್ತಿಕೊಂಡರು. ಅದು ಕೈಗೂಸಿನಂತೆ ತೋಳಿನೊಳಗೆ ಕೂತಿತು.

"ಪಾಪ, ಈಗ ನಗೆಪಾಟಲಾಗುತ್ತದೆ" ಎಂದುಕೊಂಡಿತು ದೊಡ್ಡ ಗಿಟಾರು.

ಚಿಕ್ಕದು ಮೆಲ್ಲಗೆ ನುಡಿಯಿತು. ಅದರ ಜೊತೆಗೆ ಇನ್ನೊಂದು ದನಿ ಎದ್ದಿತು. ತುಸು ಒಡೆದದ್ದು, ಆದರೂ ಬೆಚ್ಚಗಿನದು.

"ಯಾರದು ಆ ದನಿ?" ಎಂದು ದೊಡ್ಡದು ಕೇಳಿತು.

"ಟೀಚರದ್ದು" ಎಂದಿತು ಚಿಕ್ಕದು.

"ಅವರು ಹಾಡುತ್ತಾರೆಯೇ?"

"ಯಾವಾಗಲೂ ಹಾಡುತ್ತಿದ್ದರು. ನಿಮ್ಮನ್ನು ನುಡಿಸುವಾಗಲೂ."

ಅಡುಗೆಮನೆಯಿಂದ ಟೀಚರ ಗಂಡ ಸಿಲ್ವೆಸ್ಟರ್ ಕೈಯೊರೆಸುತ್ತ ಬಂದು ಬಾಗಿಲಲ್ಲೇ ನಿಂತರು. "ಮದುವೆಗೆ ಮೊದಲು ನಿನ್ನಮ್ಮನ ಮನೆ ಜಗಲಿಯಲ್ಲಿ ಹಾಡುತ್ತಿದ್ದೆಯಲ್ಲ, ಅದೇ ಸ್ವರ! ಇಷ್ಟು ವರ್ಷ ಇದನ್ನು ಎಲ್ಲಿಟ್ಟಿದ್ದೆ ಮಾರಾಯ್ತಿ?"

ಅಷ್ಟೂ ವರ್ಷ ಟೀಚರ ಎದೆಗೇ ಒರಗಿಕೊಂಡಿದ್ದ ದೊಡ್ಡ ಗಿಟಾರು, ತನ್ನ ಒಂದು ತಂತಿಯೂ ಮಿಡಿಯದಂತೆ ಬಿಗಿಹಿಡಿದು, ಆ ಹಾಡನ್ನು ಮೊದಲ ಸಲ ಕೇಳಿತು.